ಕೌದಿಯ ಹೊಟ್ಟೆಗೆ ಒಂದು ತುತ್ತು

ನನ್ನ ಬಲಗೈಯ ಕಿರುಬೆರಳು ಸುಟ್ಟದ್ದು ನನಗೆ ಗೊತ್ತಾದದ್ದು ವಾಸನೆಯಿಂದ. ಹಂಚಿನ ಮೇಲೆ ಜೋಳದ ರೊಟ್ಟಿ ಇತ್ತು. ಸೀದ ವಾಸನೆ ಬಂದಾಗ ರೊಟ್ಟಿ ಹೊತ್ತಿತು ಎಂದುಕೊಂಡು ಅವಸರದಿಂದ ತಿರುವಿ ಹಾಕಿದೆ. ರೊಟ್ಟಿಗೆ ಏನೂ ಆಗಿರಲಿಲ್ಲ. ನನ್ನ ಬೆರಳು ಹಂಚಿನ ಅಂಚಿಗೆ ತಾಗಿಕೊಂಡೇ ಇತ್ತು, ಚರ್ಮ ಬೆಳ್ಳಗೆ ಎದ್ದಿತ್ತು. ಬೇರೆ ಯಾರದೋ ಬೆರಳು ನೋಡಿದ ಹಾಗೆ ಅದನ್ನು ನೋಡಿದೆ, ನೀರಲ್ಲಿ ಅದ್ದಿದೆ, ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡೆ.

ಆಗ ಅಂಜಿಕೆ ಬರಲಿಲ್ಲ. ಬಂದದ್ದು ಹೆಮ್ಮೆ.

ಇದು ನಮ್ಮ ಕಡೆಯವರಿಗೆ ಮಾತ್ರ ಪೂರ್ತಿ ತಿಳಿಯುವ ಸಂಗತಿ. ದೊಡವಾಡದಲ್ಲಿ ಹೊಸದಾಗಿ ಬಂದ ಸೊಸೆಯನ್ನು ಅಳೆಯುವುದು ರೊಟ್ಟಿಯಿಂದ. ಬರಿಗೈಯಲ್ಲಿ ಹಂಚಿನಿಂದ ರೊಟ್ಟಿ ಎತ್ತಬೇಕು, ಉಬ್ಬಿದ್ದನ್ನು ಬೆರಳಿನಿಂದ ಒತ್ತಬೇಕು, ಹಾ ಹೂ ಅನ್ನಬಾರದು. ಕೈ ಹಿಂದೆ ಎಳೆದುಕೊಂಡರೆ ಅತ್ತೆಯಂದಿರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಮದುವೆಯಾಗಿ ಬಂದಾಗ ನನ್ನನ್ನೂ ನೋಡಿ ನಕ್ಕಿದ್ದರು. ಆಮೇಲೆ ಕೈ ಪಳಗಿತು. ಈಚೆಗೆ ಎಷ್ಟು ಪಳಗಿತೆಂದರೆ ಬಿಸಿ ತಾಗುವುದೇ ನಿಂತಿತ್ತು. ನಮ್ಮ ಅತ್ತೆ ಬಂದವರ ಮುಂದೆಲ್ಲ, “ನಮ್ಮ ಕಸ್ತೂರಿ ಕೈ ನೋಡ್ರಿ, ಬೆಂಕಿನ ಅಂಜತೈತಿ ಈಕೀಗೆ,” ಎಂದು ಹೇಳುತ್ತಿದ್ದರು. ಹಳೆಯ ಬಟ್ಟೆ ಪೇರಿಸಿ ಕೌದಿ ಹೊಲಿಯುವಾಗ ಸೂಜಿ ಚುಚ್ಚಿದರೂ ನನಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಶಾಬ್ಬಾಸಗಿರಿ ಸಿಗುತ್ತಿತ್ತು. ನಮ್ಮ ಓಣಿಯೆಲ್ಲ ಸೇರಿ ಒಂದು ರೋಗವನ್ನು ಕೈಗುಣ ಎಂದು ಹೊಗಳಿತು, ನಾನು ಸೆರಗು ಬಿಗಿದುಕೊಂಡು ಮೆರೆದೆ.

ಮೊಣಕೈ ಕೆಳಗೆ ಬಿಳುಪಾದ ಒಂದು ಮಚ್ಚೆ ಇತ್ತು. ಚಿಬ್ಬು ಎಂದುಕೊಂಡು ಲಿಂಬೆಹಣ್ಣು ತಿಕ್ಕುತ್ತಿದ್ದೆ. ಅದು ಉರಿಯಲೂ ಇಲ್ಲ, ಹೋಗಲೂ ಇಲ್ಲ.

ಆ ಚಳಿಗಾಲದಲ್ಲಿ ನನ್ನ ಮಗಳು ಭಾರತಿ ಸವದತ್ತಿಯ ಗಂಡನ ಮನೆಯಿಂದ ಚೊಚ್ಚಲು ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ಊರಿನ ಆಶಾ ಕಾರ್ಯಕರ್ತೆ ರೇಣುಕಾ ಕೂಸನ್ನು ತೂಗಲು ಬಂದವಳು, ತಕ್ಕಡಿಯ ಚೀಲ ಹಿಡಿದ ನನ್ನ ಕೈ ನೋಡಿ ನಿಂತಳು.

“ಅಕ್ಕಾರ, ಈ ಬೆರಳ ಯಾವಾಗ ಸುಟ್ಟಿದ್ರಿ?”

“ನಿನ್ನೆ ಇರಬೇಕವ್ವಾ.”

“ಇರಬೇಕು ಅಂದ್ರ? ಸುಟ್ಟಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ?”

ನಾನು ನಕ್ಕೆ. ಅವಳು ನಗಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಕೊಳ್ಳಿ ಎಂದಳು. ಪೆನ್ನಿನ ತುದಿ ಎಲ್ಲಿ ತಾಗುತ್ತದೋ ಅಲ್ಲಿ ಇನ್ನೊಂದು ಕೈಯ ಬೆರಳಿಡಬೇಕು, ಅಷ್ಟೇ ಆಟ. ಭುಜದ ಮೇಲೆ ಇಟ್ಟೆ, ತೋಳಿನ ಮೇಲೆ ಇಟ್ಟೆ. ಆಮೇಲೆ ಬಹಳ ಹೊತ್ತು ಅವಳು ಸುಮ್ಮನೆ ಇದ್ದಳು. ಕಾದು ಬೇಸರವಾಗಿ, “ಮುಟ್ಟಬಾರದೇನವ್ವಾ ಇನ್ನ, ಒಲಿ ಮ್ಯಾಲ ಹಾಲ ಉಕ್ಕತೈತಿ,” ಎಂದೆ.

“ಮುಗೀತ್ರಿ ಅಕ್ಕಾರ,” ಎಂದಳು. “ಕಣ್ಣ ತೆಗೀರಿ.”

ಕಣ್ಣು ತೆರೆದಾಗ ಪೆನ್ನಿನ ತುದಿ ನನ್ನ ಕಿರುಬೆರಳನ್ನು ಒತ್ತಿಕೊಂಡೇ ಇತ್ತು. ನನ್ನ ಅಂಜಿಕೆ ಶುರುವಾದದ್ದು ಅಲ್ಲಿಂದ. ಹಾಲು ಉಕ್ಕಿದ್ದನ್ನು ಯಾರು ಒರೆಸಿದರೋ ನನಗೆ ನೆನಪಿಲ್ಲ.

ಮರುದಿನ ನಮ್ಮ ಮನೆಯವರು ನನ್ನನ್ನು ಬೈಲಹೊಂಗಲದ ದವಾಖಾನೆಗೆ ಕರೆದುಕೊಂಡು ಹೋದರು. ಅತ್ತೆಗೆ ಬೆರಳಿನ ಗುಳ್ಳೆಗೆ ಮುಲಾಮು ತರುತ್ತೇವೆ ಎಂದು ಹೇಳಿದೆವು. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬಾಕೆ ತನ್ನ ಮಗುವಿಗೆ ಬಿಸ್ಕೀಟು ತಿನ್ನಿಸುತ್ತಿದ್ದಳು. ಮಗು ನನ್ನ ಬಳೆ ಹಿಡಿಯಲು ಬಂತು. ಬೇರೆ ದಿನವಾಗಿದ್ದರೆ ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಅವತ್ತು ಕೈ ಸೆರಗಿನೊಳಗೆ ಎಳೆದುಕೊಂಡೆ. ಇನ್ನೂ ಯಾರೂ ನನಗೆ ಏನೂ ಹೇಳಿರಲಿಲ್ಲ, ಆದರೂ ಎಳೆದುಕೊಂಡೆ.

ಡಾಕ್ಟರು ನನ್ನ ಮಗಳ ವಾರಿಗೆಯವರು. ಮೊಣಕೈ ಹಿಂದೆ ಬೆರಳಿಟ್ಟು ಒಂದು ನರ ಹುಡುಕಿದರು. ಅದು ನನ್ನ ಕೈಗೂ ಹಗ್ಗದ ಹಾಗೆ ಸಿಕ್ಕಿತು. ಕಿವಿಯ ಹಾಲೆಯಿಂದ ಚೂರು ಕೆರೆದು ಗಾಜಿಗೆ ಹಚ್ಚಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಕುಷ್ಠ ಎಂಬ ಮಾತು ಹೇಳಿದರು.

“ಹೆಸರ ಕೇಳಿ ಹೆದರಬ್ಯಾಡ್ರಿ ತಾಯಿ. ಗುಳಿಗಿ ಅದಾವು, ವಾಸಿ ಆಗತೈತಿ. ನಾಡಿದ್ದ ಬರ್ರಿ, ರಿಪೋರ್ಟ್ ನೋಡಿ ಸುರು ಮಾಡೂಣು. ಏನರೆ ಕೇಳೂದೈತೇನ್ರಿ?”

ಕೇಳುವುದು ಒಂದೇ ಇತ್ತು. ಮನೆಯಲ್ಲಿ ಹಸಿಗೂಸು ಇದೆ, ದಿನಾ ಎಣ್ಣೆ ಹಚ್ಚಿ ಎರೆಯುವವಳು ನಾನೇ, ಅದನ್ನು ಎತ್ತಿಕೊಳ್ಳಬಹುದೋ ಇಲ್ಲವೋ. ಬೇಡ ಎಂದುಬಿಟ್ಟರೆ ಆ ಬಾಗಿಲಿನಿಂದ ಹೊರಗೆ ಹೇಗೆ ಬರಲಿ ಎನ್ನಿಸಿತು.

“ರೊಟ್ಟಿ ಮಾಡಬಹುದೇನ್ರಿ?” ಎಂದು ಕೇಳಿದೆ.

“ಮಾಡ್ರಿ. ಕೈ ಸುಟಗೋಬ್ಯಾಡ್ರಿ ಅಷ್ಟ.”

ನಮ್ಮ ಮನೆಯವರು ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರೂ ಕೇಳಲಿಲ್ಲ. ಬಸ್ಸಿನಲ್ಲಿ ನನ್ನನ್ನು ಮುಂದೆ ಕೂರಿಸಿ ತಾವು ಹಿಂದಿನ ಸೀಟಿಗೆ ಹೋದರು. ನನ್ನ ಪಕ್ಕದ ಸೀಟು ಖಾಲಿ ಇತ್ತು. ದೊಡವಾಡ ಬರುವ ತನಕ ನಾನು ಆ ಖಾಲಿ ಸೀಟನ್ನೇ ನೋಡುತ್ತ ಕೂತೆ. ಇಳಿದಾಗ ಅವರ ಕಣ್ಣು ಕೆಂಪಾಗಿದ್ದವು. ಧೂಳು ಎಂದರು. ನನ್ನನ್ನು ಕಂಡು ಅಂಜಿದ್ದರೋ, ನನಗಾಗಿ ಅಂಜಿದ್ದರೋ, ಅವತ್ತು ಅದನ್ನು ಬಿಡಿಸಿ ನೋಡುವ ಶಕ್ತಿ ನನಗಿರಲಿಲ್ಲ.

“ಮನ್ಯಾಗ ಈಗ ಹೇಳೂದ ಬ್ಯಾಡ,” ಎಂದರು. “ನಾಳೆ ಭೋಗಿ. ಹಬ್ಬ ಮುಗೀಲಿ, ಗುಳಿಗಿ ಬರಲಿ.”

ನಾನು ಹೇಳಬೇಕಾಗಿರುವುದು ಆ ಭೋಗಿಯ ದಿನದ ಮಾತು. ಆಮೇಲೆ ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದು ಅದರ ಮುಂದೆ ಏನೂ ಅಲ್ಲ.

ನಮ್ಮಲ್ಲಿ ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಬೆಣ್ಣೆ. ರೊಟ್ಟಿ ಮಾಡಿ ಮೊದಲು ಅಕ್ಕಪಕ್ಕದ ಮನೆಗೆ ಕೊಟ್ಟು ಆಮೇಲೆ ತಾವು ಉಣ್ಣಬೇಕು. ಅತ್ತೆಗೆ ಮೊಣಕಾಲು ನೋವು, ಒಲೆಯ ಮುಂದೆ ಕೂರಲಾರರು. ಭಾರತಿ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿ ಬೆಚ್ಚಗೆ ಇರುವವಳು. ಉಳಿದವಳು ನಾನು.

ಬೆಳಗಿನ ಚಳಿಗೆ ಹಿತ್ತಲಿನ ನೀರು ಕೊರೆಯುತ್ತಿತ್ತು ಎಂದು ಹೇಳಬೇಕು, ಆದರೆ ನನ್ನ ಬಲಗೈಯ ಅರ್ಧಕ್ಕೆ ಅದು ಕೊರೆಯಲಿಲ್ಲ. ಅದನ್ನು ಮೊದಲ ಸಲ ಗಮನಿಸಿದೆ. ಎಡಗೈ ಮುಳುಗಿಸಿದೆ, ಬಲಗೈ ಮುಳುಗಿಸಿದೆ, ಮತ್ತೆ ಎಡಗೈ. ಎರಡು ಬೆರಳಿಗೆ ಹಳೆಯ ಪಂಚೆಯ ಚಿಂದಿ ಸುತ್ತಿಕೊಂಡು ಒಲೆ ಹೊತ್ತಿಸಿದೆ.

ಅತ್ತೆ ಗೋಡೆಗೆ ಒರಗಿ ಕೂತು ಬದನೆಕಾಯಿ ಸೀಳುತ್ತಿದ್ದರು. “ಇದೇನ ಹೊಸಾ ಶೋಕಿ? ಬಟ್ಟಿ ಕಟಗೊಂಡ ರೊಟ್ಟಿ ಬಡೀತಾರೇನ?”

“ಗುಳ್ಳಿ ಎದ್ದಾವ್ರಿ ಅತ್ತಿ.”

“ನಿನಗ ಗುಳ್ಳಿ?” ಎಂದು ನಕ್ಕರು. “ಬೆಂಕಿನ ಅಂಜತಿತ್ತಲ್ಲ ನಿನಗ.”

ಎಸರು ಹಾಕಿ ಹಿಟ್ಟು ನಾದಿದೆ. ನನಗೆ ಗೊತ್ತಿರುವ ಕೆಲಸಗಳಲ್ಲಿ ಇದೊಂದೇ ನಾನು ಯೋಚಿಸದೆ ಮಾಡುವುದು. ಅವತ್ತು ಪ್ರತಿ ಉಂಡೆಗೂ ಯೋಚಿಸಿದೆ. ಈ ಹಿಟ್ಟಿಗೆ ನನ್ನ ಕೈ ತಾಗಿತು, ಇದನ್ನು ಭಾರತಿ ತಿನ್ನುತ್ತಾಳೆ, ಭಾರತಿ ಹಾಲು ಕೂಸಿಗೆ ಹೋಗುತ್ತದೆ. ಬೆಂಕಿಗೆ ಬಿದ್ದದ್ದು ಶುದ್ಧ ಎಂದು ಹೇಳಿಕೊಂಡೆ. ಮುಂದಿನ ಉಂಡೆಗೆ ಮತ್ತೆ ಅದೇ. ರೊಟ್ಟಿಗಳನ್ನು ಬೇಕೆಂದೇ ಹೆಚ್ಚು ಬೇಯಿಸಿದೆ, ಎಳ್ಳು ಕಪ್ಪಾಗುವ ತನಕ. ಅತ್ತೆ ಒಂದನ್ನು ಎತ್ತಿ ಹಿಂದೆಮುಂದೆ ನೋಡಿ, “ಯಾರ ಮ್ಯಾಲ ಸಿಟ್ಟ?” ಎಂದರು.

ನೆರೆಮನೆಯ ಗಂಗವ್ವನಿಗೆ ಕೊಡಲು ಅತ್ತೆ ಬುಟ್ಟಿಯಲ್ಲಿ ರೊಟ್ಟಿ ಇಟ್ಟಾಗ ನಾನು ಎದ್ದು ನಿಂತೆ.

“ಅವು ಸೀದಾವ್ರಿ ಅತ್ತಿ. ಕೊಡೂದ ಬ್ಯಾಡ.”

“ಸೀದರ ಏನಾತು, ಹಬ್ಬದ ರೊಟ್ಟಿ ಕೊಡದ ಇರತಾರೇನ?”

“ಈ ಸಲ ಬ್ಯಾಡ್ರಿ.”

ಅವರು ಗಂಗವ್ವನ ಜೊತೆ ಜಗಳವಾಗಿದೆ ಎಂದುಕೊಂಡಿರಬೇಕು. ಮೊಣಕಾಲು ಹಿಡಿದುಕೊಂಡು ಎದ್ದು, ಬುಟ್ಟಿ ತಾವೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದರು. ಮಧ್ಯಾಹ್ನದ ತನಕ ನಾನು ಗಂಗವ್ವನ ಮನೆಯ ಗೋಡೆಗೆ ಕಿವಿಯಿಟ್ಟುಕೊಂಡಿದ್ದೆ. ಅವಳು ಕೆಮ್ಮಿದರೆ ಕೈಯ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಹುಚ್ಚು ಎನ್ನುವುದು ಈಗ ಗೊತ್ತಾಗುತ್ತದೆ. ಅವತ್ತು ನನಗೆ ಹೇಳುವವರು ಯಾರೂ ಇರಲಿಲ್ಲ, ನಾನು ಯಾರನ್ನೂ ಕೇಳಲೂ ಇಲ್ಲ. ರೇಣುಕಾಳ ಫೋನ್ ನಂಬರು ಇತ್ತು. ಎರಡು ಸಲ ಫೋನ್ ಕೈಗೆ ತೆಗೆದುಕೊಂಡು ಮತ್ತೆ ಗೋಡೆಯ ಮಾಡದಲ್ಲಿ ಇಟ್ಟೆ.

ಇಷ್ಟರ ನಡುವೆ ಕೂಸು ಅಳುತ್ತಿತ್ತು. ಒಳಗಿನಿಂದ ಭಾರತಿ ಕರೆದಳು, “ಯವ್ವಾ, ಎಣ್ಣಿ ಹಚ್ಚಬಾ.” ಕೈಯೆಲ್ಲ ಹಿಟ್ಟು ಎಂದೆ. ಇನ್ನೊಮ್ಮೆ ಕರೆದಳು. ಒಲೆ ಬಿಟ್ಟು ಬರಲಾಗುವುದಿಲ್ಲ ಎಂದೆ. ಮೂರನೆಯ ಸಲ ಅವಳು ಕರೆಯಲಿಲ್ಲ. ನಾನು ಹೊಗೆಯ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಊಟವಾದ ಮೇಲೆ ಬಿಸಿಲು ಕಾಯುತ್ತ ಅಂಗಳದಲ್ಲಿ ಕೌದಿ ಹಾಸಿದೆವು. ಹೆಣ್ಣು ಮಗಳ ಮೊದಲ ಕೂಸು ಅಪ್ಪನ ಮನೆಗೆ ಹೋಗುವಾಗ ಅಜ್ಜಿಯ ಕೈಯ ಕೌದಿಯ ಮೇಲೆ ಮಲಗಿ ಹೋಗಬೇಕು. ಭಾರತಿ ಬಸುರಾದ ಸುದ್ದಿ ಬಂದಂದಿನಿಂದ ಹೊಲಿಯುತ್ತಿದ್ದೆ. ನಡುವೆ ನನ್ನ ಮದುವೆಯ ಇಳಕಲ್ ಸೀರೆಯ ಚೌಕ, ಸುತ್ತ ಅತ್ತೆಯ ಹಳೆಯ ಸೀರೆ, ಭಾರತಿಯ ಸಾಲೆಯ ನೀಲಿ ಲಂಗ, ಸವದತ್ತಿಯ ಬೀಗರ ಮನೆಯಿಂದ ಬಂದ ಒಂದು ಧೋತರ. ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ನಡುವಿಗೆ ಬರುವ ಸಣ್ಣ ಸಣ್ಣ ಹೊಲಿಗೆ. ಎಲ್ಲ ಮುಗಿದು ಒಂದು ಮೂಲೆ ಮಾತ್ರ ತೆರೆದಿತ್ತು. ಗಂಗವ್ವ ತನ್ನ ಸೂಜಿ ತೆಗೆದುಕೊಂಡು ಬಂದು ಎದುರಿಗೆ ಕೂತಳು. ಅವಳ ಬಾಯಲ್ಲಿ ಇನ್ನೂ ಎಳ್ಳು ಇತ್ತು.

“ರೊಟ್ಟಿ ಖಡಕ್ ಆಗಿದ್ದುವು ಬಿಡ,” ಎಂದಳು. “ನನ್ನ ಹಲ್ಲ ಪರೀಕ್ಷಾ ಮಾಡಿದಿ.”

ನಾನು ಅಂಚು ಗಟ್ಟಿ ಮಾಡುತ್ತ ಹೊಲಿದೆ. ಕೂಸಿನ ಮೈಗೆ ತಾಗುವ ಬಟ್ಟೆ ಇದು ಎಂಬುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ತೊಳೆದರೆ ಹೋಗುತ್ತದೆಯೇ, ಕುದಿಸಿದರೆ ಹೋಗುತ್ತದೆಯೇ, ಸುಡಬೇಕಾಗುತ್ತದೆಯೇ. ಭಾರತಿ ಕೂಸನ್ನು ಎತ್ತಿಕೊಂಡು ಬಿಸಿಲಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

“ಕಸ್ತೂರಿ,” ಎಂದಳು ಗಂಗವ್ವ, “ರಕ್ತ.”

ಧೋತರದ ಬಿಳಿಯ ಮೇಲೆ ಕೆಂಪು ಚುಕ್ಕೆಗಳಿದ್ದವು, ಒಂದರ ಹಿಂದೆ ಒಂದು. ಬೆರಳಿನ ಚಿಂದಿಯ ಒಳಗೇ ಸೂಜಿ ಹೋಗಿತ್ತು. ಸೂಜಿ ಬಟ್ಟೆಗಷ್ಟೇ ಹೋಗುತ್ತಿದೆ ಎಂದುಕೊಂಡು ನಾನು ಅದನ್ನು ಒತ್ತುತ್ತಲೇ ಇದ್ದೆ. ಎಳೆದು ತೆಗೆದೆ. ನೋವಾಗಲಿಲ್ಲ. ನೋವಾಗಲಿ ಎಂದು ಇನ್ನೊಮ್ಮೆ ಚುಚ್ಚಿಕೊಂಡೆ, ಎಲ್ಲರೂ ನೋಡುತ್ತಿದ್ದಾರೆ ಎಂಬ ಖಬರಿಲ್ಲದೆ.

“ಏನ ಮಾಡಾಕ ಹತ್ತೀ?” ಎಂದರು ಅತ್ತೆ. ಅವರ ದನಿ ಬದಲಾಗಿತ್ತು. ಆಮೇಲೆ ಏನೋ ಮರೆಸುವವರ ಹಾಗೆ, “ಸಾಕ ಬಿಡ ಹೊಲದದ್ದು. ಹೊಟ್ಟಿ ತುಂಬಸು ಅದಕ್ಕ, ಮೂಲಿ ಮುಚ್ಚೂಣು,” ಎಂದು ಸಜ್ಜೆ ರೊಟ್ಟಿಯ ತಟ್ಟೆ ನನ್ನ ಮುಂದೆ ಸರಿಸಿದರು.

ನಮ್ಮ ಮನೆಯ ಪದ್ಧತಿ ಇದು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಹೊಲಿದವಳು ತನ್ನ ಕೈಯಾರೆ ಮಾಡಿದ ರೊಟ್ಟಿಯ ಒಂದು ತುತ್ತು ಅದರೊಳಗೆ ಇಡಬೇಕು. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದ ಮಗು ನಿದ್ದೆ ಮಾಡುವುದಿಲ್ಲ ಎನ್ನುತ್ತಾರೆ. ನನ್ನ ಮದುವೆಯಲ್ಲಿ ಬಂದ ಕೌದಿಯಲ್ಲಿ ನನ್ನ ತಾಯಿಯ ರೊಟ್ಟಿ ಇದೆ. ಈಗ ಹಿಟ್ಟಾಗಿರಬೇಕು, ಆದರೂ ಇದೆ.

ನಾನು ರೊಟ್ಟಿ ಮುರಿದೆ. ಈ ಕೈಯಿಂದ ಬಡಿದ, ಈ ಕೈಯಿಂದ ಮುರಿದ ರೊಟ್ಟಿ ಕೂಸಿನ ತಲೆಯ ಕೆಳಗೆ, ಯಾರೂ ತೆಗೆಯಲಾಗದ ಹಾಗೆ ಹೊಲಿಗೆ ಹಾಕಿ. ತುತ್ತನ್ನು ಮೂಲೆಯ ತನಕ ಒಯ್ದೆ. ಕೈ ಮುಂದೆ ಹೋಗಲಿಲ್ಲ. ತಟ್ಟೆಯಲ್ಲಿ ಅದನ್ನು ಇಟ್ಟು ಎದ್ದು ಹಿತ್ತಲಿಗೆ ನಡೆದೆ.

ಭಾರತಿ ಕೂಸನ್ನು ಎತ್ತಿಕೊಂಡು ನನ್ನ ಹಿಂದೆಯೇ ಬಂದಳು.

“ಯವ್ವಾ, ನಿನ್ನೆಯಿಂದ ನನ್ನ ಕೂಸಿನ್ನ ಮುಟ್ಟಿಲ್ಲ ನೀ.”

ನಾನು ಕೈ ಸೆರಗಿನೊಳಗೆ ಸೇರಿಸಿದೆ.

“ಮೊನ್ನೆ ನಮ್ಮತ್ತಿ ಬಂದು ಹೆಣ್ಣಾತು ಅಂತ ಮಾರಿ ಗಂಟ ಹಾಕಿದ್ರು. ನಾ ಅದನ್ನ ನುಂಗಿಕೊಂಡ್ನಿ. ನನ್ನವ್ವ ಅದಾಳಲ್ಲ ಅಂತ. ಈಗ ನೀನೂ ಹಂಗ ಮಾಡಿದ್ರ ನಾ ಎಲ್ಲಿಗಿ ಹೋಗ್ಲಿ? ಕೌದಿಗೆ ರೊಟ್ಟಿ ಇಡಾಕೂ ಬಾರದಷ್ಟ ಬ್ಯಾಡಾತೇನ ನಿನಗ ಈ ಕೂಸು?”

ನನ್ನ ಮಗಳು ಹಾಗೆ ತಿಳಿದುಕೊಂಡೇ ಇರಲಿ, ರೋಗದ ಸುದ್ದಿಗಿಂತ ಅದೇ ವಾಸಿ ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದೂ ನಿಜ. ಅಷ್ಟು ಅಂಜಿದ್ದೆ. ಆದರೆ ಅವಳ ತುಟಿ ನಡುಗುತ್ತಿತ್ತು, ಚಿಕ್ಕವಳಿದ್ದಾಗ ನಡುಗುತ್ತಿದ್ದ ಹಾಗೆಯೇ. ಕೈಯ ಚಿಂದಿ ಬಿಚ್ಚಿದೆ. ಸುಟ್ಟದ್ದು, ಚುಚ್ಚಿದ್ದು, ಮಚ್ಚೆ ಎಲ್ಲ ತೋರಿಸಿದೆ. ಡಾಕ್ಟರು ಹೇಳಿದ ಮಾತು ಹೇಳಿದೆ.

ಭಾರತಿ ಒಂದು ಹೆಜ್ಜೆ ಹಿಂದೆ ಸರಿದಳು. ಕೂಸಿನ ತಲೆಯ ಮೇಲೆ ಸೆರಗು ಎಳೆದಳು.

ಅವಳನ್ನು ನಾನು ತಪ್ಪು ಎನ್ನುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಮೂರು ಹೆಜ್ಜೆ ಸರಿಯುತ್ತಿದ್ದೆ. ಆದರೂ ಆ ಒಂದು ಹೆಜ್ಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

“ಡಾಕ್ಟರ್ನ ಕೇಳಿದೇನ, ಕೂಸಿನ್ನ ಮುಟ್ಟಬಹುದಾ ಅಂತ?”

“ಕೇಳಲಿಲ್ಲ.”

“ಯಾಕ?”

“ಅಂಜಿಕಿ ಬಂತು.”

ಅವಳು ಮಾಡದಲ್ಲಿದ್ದ ಫೋನ್ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಅತ್ತೆ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ದೊಡ್ಡ ರೋಗ,” ಎಂದರು, ನನಗಲ್ಲ, ತಮ್ಮಷ್ಟಕ್ಕೆ.

ಅವರ ತವರು ರಾಮದುರ್ಗ ಕಡೆಯ ತೊರಗಲ್. ಅಲ್ಲಿ ಕೋಟೆಯ ಗೋಡೆಗೆ ಹತ್ತಿಸಿ ಕಟ್ಟಿದ ಒಂದು ತಟ್ಟಿಯ ಗುಡಿಸಲಲ್ಲಿ ಇದೇ ರೋಗ ಬಂದ ಅವರ ಸೋದರತ್ತೆಯನ್ನು ಇಟ್ಟಿದ್ದರಂತೆ. ಚಿಕ್ಕವರಿದ್ದಾಗ ಇವರೇ ರೊಟ್ಟಿ ಒಯ್ದು ಹಲಗೆಯ ಮೇಲೆ ಇಟ್ಟು, ಹಲಗೆಯನ್ನು ಕೋಲಿನಿಂದ ತಳ್ಳಿ ಓಡಿ ಬರುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅವತ್ತು ಚೌಕಟ್ಟಿನಿಂದ ಸರಿದು ದಾರಿ ಬಿಟ್ಟರು, ಇದ್ದದ್ದಕ್ಕಿಂತ ಹೆಚ್ಚು ಜಾಗ ಬಿಟ್ಟರು.

ಗಂಗವ್ವ ಅಷ್ಟರಲ್ಲಿ ಸೂಜಿ ಎತ್ತಿಕೊಂಡು ಹೋಗಿದ್ದಳು. ಅಂಗಳದಲ್ಲಿ ಕೌದಿ ಒಂದೇ ಇತ್ತು, ಬಾಯಿ ತೆರೆದುಕೊಂಡು. ನಾನು ಅದರಿಂದ ದೂರ, ತುಳಸಿಕಟ್ಟೆಯ ಹತ್ತಿರ ನೆಲದ ಮೇಲೆ ಕೂತೆ. ಬಿಸಿಲು ಹಿಂದೆ ಸರಿಯಿತು, ಚಳಿ ಬಂತು, ಏಳಲಿಲ್ಲ. ಒಳಗೆ ಹೋಗಲು ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿರಲಿಲ್ಲ. ನನ್ನದೇ ಮನೆ, ನಾನೇ ಸಾರಿಸಿದ ಅಂಗಳ. ಸಾಯುವುದಕ್ಕೆ ನಾನು ಅಷ್ಟು ಅಂಜಿರಲಿಲ್ಲ. ಬೆರಳು ಹೋದಾವು ಎಂಬ ಅಂಜಿಕೆ ಇತ್ತು. ಅದಕ್ಕಿಂತ ದೊಡ್ಡದು, ಇನ್ನು ಮುಂದೆ ಎಲ್ಲರೂ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತ ಒಂದೊಂದು ಹೆಜ್ಜೆ ಹಿಂದೆ ನಿಂತಾರು ಎಂಬುದು.

ನಮ್ಮ ಮನೆಯವರು ಹೊಲದಿಂದ ಬಂದರು. ನನ್ನನ್ನು ನೋಡಿದರು, ಮುಚ್ಚಿದ ಬಾಗಿಲು ನೋಡಿದರು, ಗೊತ್ತಾಯಿತು. ಕೈಕಾಲು ತೊಳೆದುಕೊಂಡು ಬಂದು ನನ್ನ ಪಕ್ಕ ನೆಲದ ಮೇಲೆಯೇ ಕೂತರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ.

“ನಿನ್ನೆ ಬಸ್ಸಿನ್ಯಾಗ ಹಿಂದ ಯಾಕ ಕುಂತ್ರಿ?” ಎಂದು ಕೇಳಿಬಿಟ್ಟೆ.

ಹಲ್ಲಿನಲ್ಲಿ ಕಡ್ಡಿ ಆಡಿಸಿದರು. “ನೀ ನೋಡಬಾರದಂತ,” ಎಂದರು. “ನಾ ಅಳೂದ ನೀ ಯಾವತ್ತೂ ನೋಡಿಲ್ಲ.”

ದೀಪ ಹಚ್ಚುವ ಹೊತ್ತಿಗೆ ರೇಣುಕಾ ಬಂದಳು. ಭಾರತಿ ಅವಳಿಗೆ ಫೋನ್ ಮಾಡಿ, ನೀನೇ ಡಾಕ್ಟರನ್ನು ಕೇಳಿ ಬಂದು ಹೇಳು ಎಂದಿದ್ದಳಂತೆ. ಅವಳ ಚಪ್ಪಲಿ ಸದ್ದು ಕೇಳಿ ಒಳಕೋಣೆಯ ಬಾಗಿಲು ತೆರೆಯಿತು. ಅತ್ತೆಯೂ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

“ಕೇಳೇನ್ರಿ,” ಎಂದಳು ರೇಣುಕಾ. “ಕೂಸಿನ್ನ ಎತ್ತಿಕೋಬಹುದಂತ. ಮುಟ್ಟಿದ್ರ ಹತ್ತೂದಲ್ಲಂತ ಅದು. ನಾಳೆ ಹಬ್ಬ ಅಂತ ಬಿಡಬ್ಯಾಡ್ರಿ, ಬಂದು ಗುಳಿಗಿ ಸುರು ಮಾಡ್ರಿ ಅಂದಾರು. ಸುರು ಮಾಡಿದ್ರ ಯಾರಿಗೂ ಅಂಜಿಕಿ ಇಲ್ಲ. ಮನ್ಯಾಗಿನವರನ್ನೂ ಒಮ್ಮೆ ನೋಡತಾರಂತ, ಕೂಸಿನ್ನೂ.”

“ಖರೇನ?” ಎಂದರು ಅತ್ತೆ.

“ಖರೇ ರೀ ಅಜ್ಜಿ.”

“ರೊಟ್ಟಿ?”

“ರೊಟ್ಟಿಗೇನಾಗೇತ್ರಿ? ನನಗೂ ಎರಡ ಕಟ್ಟಿಕೊಡ್ರಿ, ನನ್ನ ಮನ್ಯಾಗ ಇವತ್ತ ಒಲಿನ ಹತ್ತಿಲ್ಲ.”

ಅತ್ತೆ ಕಟ್ಟಿಕೊಟ್ಟರು. ತಾವು ಮಾತ್ರ ಅವತ್ತು ರಾತ್ರಿ ಹಸಿವಿಲ್ಲ ಎಂದರು. ಮರುದಿನ ಬೆಳಿಗ್ಗೆ ನಾನು ಬೈಲಹೊಂಗಲಕ್ಕೆ ಹೊರಟಾಗ ಒಂದು ಸಜ್ಜೆ ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತಿದ್ದರು. ಅವರ ಬೆನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಆ ವಯಸ್ಸಿನಲ್ಲಿ, ಆ ಹಲಗೆ ಕಣ್ಣ ಮುಂದೆ ಇಟ್ಟುಕೊಂಡು, ಅವರು ಅಷ್ಟು ಮಾಡಿದ್ದು ನನಗೆ ಸಾಕಾಗಿತ್ತು.

ಆದರೆ ಅದಕ್ಕೂ ಮೊದಲು, ಭೋಗಿಯ ಸಂಜೆ, ರೇಣುಕಾ ಹೋದ ಮೇಲೆ, ಭಾರತಿ ಅಂಗಳದಿಂದ ಕೌದಿ ಎತ್ತಿಕೊಂಡು ಬಂದು ನನ್ನ ಮುಂದೆ ಹರವಿದಳು. ತಟ್ಟೆಯಲ್ಲಿದ್ದ ಆ ತುತ್ತು ರೊಟ್ಟಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಅವಳ ಬೆರಳು ನನ್ನ ಕೈಗೆ ತಾಗಿತು.

“ನನಗ ಇನ್ನೂ ಅಂಜಿಕಿ ಐತಿ ಯವ್ವಾ,” ಎಂದಳು. “ಸುಳ್ಳ ಹೇಳೂದಿಲ್ಲ.”

“ನನಗೂ ಐತಿ,” ಎಂದೆ.

“ಇಡು.”

ಇಟ್ಟೆ. ಮೂಲೆ ಮುಚ್ಚಿ ಹೊಲಿದೆ, ಒಂದೊಂದು ಹೊಲಿಗೆಗೂ ಬೆರಳನ್ನು ಕಣ್ಣಿನಿಂದ ನೋಡಿಕೊಳ್ಳುತ್ತ. ರಕ್ತದ ಚುಕ್ಕೆಗಳನ್ನು ಭಾರತಿ ತಣ್ಣೀರಿನಲ್ಲಿ ಉಜ್ಜಿದಳು. ಪೂರ್ತಿ ಹೋಗಲಿಲ್ಲ. ಆಮೇಲೆ ಒಳಗೆ ಹೋಗಿ ಕೂಸನ್ನು ತಂದು, ಒಂದು ಗಳಿಗೆ ತಡೆದು, ನನ್ನ ತೊಡೆಯ ಮೇಲೆ ಮಲಗಿಸಿದಳು.

ಕೂಸಿಗೆ ನಮ್ಮ ಯಾವ ಚಿಂತೆಯೂ ಇರಲಿಲ್ಲ. ಕಾಲು ಝಾಡಿಸಿ ಕಣ್ಣರಳಿಸಿ ನನ್ನನ್ನು ನೋಡಿತು. ಅದರ ಮುಖದ ಮೇಲೆಯೇ ನನ್ನ ಕಣ್ಣು ನೆಟ್ಟಿತ್ತು. ಬಹಳ ಹೊತ್ತಿನ ಮೇಲೆ ಭಾರತಿ, “ನೋಡ ಯವ್ವಾ,” ಎಂದಳು. ಕೆಳಗೆ ನೋಡಿದೆ. ಕೂಸು ನನ್ನ ಬಲಗೈಯ ಕಿರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಎಷ್ಟು ಹೊತ್ತಿನಿಂದ ಹಿಡಿದಿತ್ತೋ ನನಗೆ ಗೊತ್ತಾಗಿರಲಿಲ್ಲ. ಅವತ್ತು ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು, ತಡೆಯದೆ ಅತ್ತುಬಿಟ್ಟೆ.

ಗುಳಿಗೆ ಮುಗಿದು ಈಗ ಕೆಲವು ತಿಂಗಳಾದವು. ನುಂಗುವ ದಿನಗಳಲ್ಲಿ ಅದರಿಂದ ಮೈ ಕಪ್ಪಾಯಿತು, ಕೇಳಿದವರಿಗೆ ಬಿಸಿಲು ಎಂದೆ. ಗಂಗವ್ವ ಬಹಳ ದಿನ ಬರಲಿಲ್ಲ. ಆಮೇಲೆ ಒಂದು ದಿನ ಬಂದು ಕಟ್ಟೆಯ ಆ ತುದಿಗೆ ಕೂತಳು, ಮುಂದಿನ ಸಲ ನಡುವೆ. ಈಗ ಪಕ್ಕದಲ್ಲೇ ಕೂತು ನನ್ನ ಹೊಲಿಗೆ ಸೊಟ್ಟ ಎಂದು ಬೈಯುತ್ತಾಳೆ. ಬೆರಳುಗಳು ಉಳಿದವು. ಕಿರುಬೆರಳು ಸ್ವಲ್ಪ ಒಳಗೆ ಬಾಗಿದೆ, ಅದಕ್ಕೆ ಸ್ಪರ್ಶ ಬಂದಿಲ್ಲ, ಬರುವುದಿಲ್ಲ ಎಂದಿದ್ದಾರೆ. ರೊಟ್ಟಿಯನ್ನು ಇಕ್ಕಳದಿಂದ ತಿರುವುತ್ತೇನೆ, ನಗುವವರು ನಗಲಿ. ಎಲ್ಲೋ ಒಬ್ಬ ಹೆಂಗಸು ಬಿಸಿ ತಾಗದ ತನ್ನ ಕೈಯನ್ನು ನೋಡಿ ಹೆಮ್ಮೆಪಡುತ್ತಿರಬಹುದು ಎಂದು ಇದನ್ನೆಲ್ಲ ಬರೆದೆ. ಅಂಜಿಕೆಯೂ ಪೂರ್ತಿ ಹೋಗಿಲ್ಲ. ಭಾರತಿ ಸವದತ್ತಿಯಿಂದ ಬಂದಾಗಲೆಲ್ಲ ಮೊಮ್ಮಗಳ ಕೈಕಾಲು ಮುಟ್ಟಿ ಮುಟ್ಟಿ ನೋಡುತ್ತೇನೆ, ಗಿಲಿಗಿಲಿ ಮಾಡುವ ನೆಪದಲ್ಲಿ. ಅವಳು ನಗುತ್ತಾಳೆ. ಆಮೇಲೆಯೇ ನನಗೆ ಊಟ ಸೇರುವುದು.

ಈಗ ಅವಳು ನಡೆಯುತ್ತಾಳೆ. ಅಂಗಳಕ್ಕೆ ಹೋಗಬೇಕೆಂದರೆ ನನ್ನ ಬಲಗೈಯ ಆ ಬಾಗಿದ ಬೆರಳೇ ಬೇಕು. ಅವಳ ಮುಷ್ಟಿಗೆ ಅದು ಕೊಕ್ಕೆಯ ಹಾಗೆ ಸರಿಯಾಗಿ ಕೂರುತ್ತದೆ. ನಾವಿಬ್ಬರೂ ಮೆಟ್ಟಿಲು ಇಳಿಯುವಾಗ ನಾನು ಮತ್ತೆ ಮತ್ತೆ ಕೆಳಗೆ ನೋಡುತ್ತೇನೆ, ಹಿಡಿದಿದ್ದಾಳೋ ಬಿಟ್ಟಿದ್ದಾಳೋ ಎಂದು. ಹಿಡಿದೇ ಇರುತ್ತಾಳೆ.